ಸುಳಿವು

ಮನಾಮದ ಹಳೆ ಸೂಕಿನಲ್ಲಿ, ದೊಡ್ಡ ಬಾಗಿಲಿನಿಂದ ಮೂರನೇ ಓಣಿ,
ಹಾಜಿ ಮಹ್ದಿಯವರ ಮುತ್ತಿನಂಗಡಿ.
ಕೆಳಗೆ ತಕ್ಕಡಿ, ಅಟ್ಟದಲ್ಲಿ ನಾನು,
ನನ್ನ ನೆತ್ತಿಯ ಮೇಲೆ ಕೆಮ್ಮುವ ಏಸಿ.

ಕೆಲಸ ಇಷ್ಟೇ. ಗಿರಾಕಿಯ ಬಾಣ
ಪರದೆಯ ಯಾವ ಮುತ್ತಿನ ಮೇಲೆ ಸುಳಿಯಿತೋ
ಆ ಮುತ್ತು ತುಸು ಉಬ್ಬಬೇಕು,
ಮಗ್ಗುಲಲ್ಲಿ ತೂಕ ಮತ್ತು ಬೆಲೆ ಮೂಡಬೇಕು.
ಒತ್ತುವ ಮಾತಿಲ್ಲ.
ಒತ್ತಿದರೆ ಅದು ವ್ಯಾಪಾರ, ಸುಳಿದರೆ ಬರೀ ಆಸೆ.

"ಆಸೆ ಗೊತ್ತಾಗುತ್ತದಾ ನಿನ್ನ ಯಂತ್ರಕ್ಕೆ?"
ಹಾಜಿ ಕೇಳಿದ್ದು ಒಡಕು ಹಿಂದಿಯಲ್ಲಿ.
ಗೊತ್ತಾಗುತ್ತದೆ, ಎರಡು ಸಾಲು ಸಾಕು ಅಂದೆ.
ಬಂತು ಅನ್ನಲು ಒಂದು,
ಹೋಯಿತು ಅನ್ನಲು ಇನ್ನೊಂದು.

ಆ ಎರಡು ಸಾಲಿಗೆ ಒಂದು ವಾರ ಹಿಡಿಯಿತು.

ಪೆಟ್ಟಿಗೆಯೊಳಗೆ ಪೆಟ್ಟಿಗೆ ಇಟ್ಟಿದ್ದೆ:
ಹೊರಗಿನದು ತಾಯಿ, ಒಳಗಿನ ಚಿತ್ರ ಮಗು, ಹೆಸರಿನ ಪಟ್ಟಿ ಇನ್ನೊಂದು ಮಗು.
ಬಾಣ ತಾಯಿಯಿಂದ ಮಗುವಿನ ಮೇಲೆ ಜಾರಿದ್ದೇ ತಡ
ಹೋಯಿತು! ಎಂದು ಕೂಗುತ್ತಿತ್ತು ಕೋಡು.
ಮರುಕ್ಷಣ ಬಂತು. ಮತ್ತೆ ಹೋಯಿತು.
ಮುತ್ತು ಕೆಟ್ಟ ಟ್ಯೂಬ್‌ಲೈಟಿನಂತೆ ಮಿಣಮಿಣ.
ಅಂಗಳದಿಂದ ಜಗಲಿಗೆ ಹತ್ತಿದವನನ್ನು
ಮನೆ ಬಿಟ್ಟು ಹೋದ ಎಂದು ಬರೆದುಕೊಳ್ಳುವ ಗುಮಾಸ್ತ.

ಆ ಗುಮಾಸ್ತನ ಕೈಬರಹ ನನಗೆ ಪರಿಚಯವಿದೆ.
ಕಡಲ ಸೇತುವೆ ದಾಟಿ ಖೋಬರಿಗೆ
ತಂಗಿಯ ಹೆರಿಗೆಗೆ ಹೋಗಿಬಂದ ಗುರುವಾರ
ಹೊರಗೆ, ಒಳಗೆ, ಹೊರಗೆ, ಒಳಗೆ,
ಪಾಸ್‌ಪೋರ್ಟಿನ ಒಂದೇ ಪುಟಕ್ಕೆ ನಾಲ್ಕು ಮುದ್ರೆ.
ಕೆಳಗಿನ ನೀರು ಅದೇ ನೀರು.

ಕೊನೆಗೆ ಬೇರೆ ಪದ ಹಾಕಿದೆ. ಮೌಸ್‌ಓವರ್ ತೆಗೆದು ಮೌಸ್‌ಎಂಟರ್.
ನಮ್ಮ ಉಮ್ಮನ ಹಾಗೆ ಅದು:
ಹೊಸಿಲು ದಾಟಿ ಬಂದರೆ ಒಮ್ಮೆ ತಲೆ ಎತ್ತುತ್ತದೆ,
ಒಳಗೆ ಯಾರ ಮೈಮೇಲೆ ಯಾರು ಬಿದ್ದರೂ ಕೇಳುವುದಿಲ್ಲ.
ಮಿಣುಕು ನಿಂತಿತು.

ಹಾಜಿಗೆ ತೋರಿಸಿದೆ. ತುಂಬಾ ಹೊತ್ತು ನೋಡಿದರು.
ಗಲ್ಲೆಯಿಂದ ಮಾಸಿದ ಕೆಂಪು ಬಟ್ಟೆ ತೆಗೆದು
ಅದರಡಿ ನನ್ನ ಕೈ ಬದಲು ತಮ್ಮದೇ ಎಡಗೈ ಇಟ್ಟುಕೊಂಡರು.
ಅಪ್ಪ ಹೀಗೆ ಮಾರುತ್ತಿದ್ದ. ಬೆರಳು ಹಿಸುಕಿದರೆ ನೂರು,
ಅಂಗೈ ಹಿಸುಕಿದರೆ ಸಾವಿರ, ಎದುರಿಗಿದ್ದವರಿಗೆ ಸುಳಿವಿಲ್ಲ.
"ಆದರೆ ಅಪ್ಪ ಕೈ ನೋಡುತ್ತಿರಲಿಲ್ಲ.
ಮುತ್ತಿನ ಮೇಲೆ ಕಣ್ಣಾಡಿಸುವಾಗ
ಕೊಳ್ಳುವವನ ಗಂಟಲ ಗುಳಿ ಅಲುಗಿತಾ, ಅದನ್ನು.
ಅಲುಗಿದರೆ ಬೆಲೆ ಏರುತ್ತಿತ್ತು."
ನನ್ನ ಕೋಡಿನ ಅಜ್ಜ ಆ ಮುದುಕ.

ಆಮೇಲೆ ಬಂದವನು ದಾಮೋದರ ಸಾಲ್ಯಾನ್,
ಅಂಗಡಿಯ ಡ್ರೈವರ್, ಉಚ್ಚಿಲದ ಕಡೆಯವನು.
ಗಾಜು ಸೀಳಿದ ಫೋನಿನಲ್ಲಿ ಅದೇ ಪುಟ ತೆರೆದ.
ಹದಿನೇಳನೇ ಮುತ್ತಿನ ಮೇಲೆ, ಒಂದು ಅಕ್ಕಿಕಾಳಿನ ಎತ್ತರದಲ್ಲಿ
ತೋರುಬೆರಳು ಹಿಡಿದು ನಿಂತ.
ಏನೂ ಆಗಲಿಲ್ಲ.
"ಯಾನ್ ಮುಲ್ಪನೇ ಉಲ್ಲೆ ಅತ್ತಾ?" ಅಂದ ಫೋನಿಗೆ,
ಇಲ್ಲೇ ಇದ್ದೇನಲ್ಲ ಎಂದು.

ಬೆರಳಿಗೆ ಸುಳಿಯಲು ಬಾರದು, ದಾಮೋದರಣ್ಣ.
ಮುಟ್ಟಿದರೆ ಇದ್ದೀರಿ. ಮುಟ್ಟದಿದ್ದರೆ ಇಲ್ಲ.
ನಡುವಿನ ಆ ಅಕ್ಕಿಕಾಳು ಗಾಜಿಗೆ ಗೊತ್ತಿಲ್ಲ.

"ಮುಟ್ಟಿದರೆ ಕೊಂಡ ಹಾಗಾ?"
ಅಲ್ಲ, ಕಾರ್ಡಿನ ನಂಬರು ಕೇಳುತ್ತದೆ ಅಷ್ಟೆ, ಅಂದೆ.
ಅವನು ಬೆರಳನ್ನು ಜೇಬಿಗೆ ಹಾಕಿಕೊಂಡ.

ರಾತ್ರಿ ಇನ್ನೊಂದು ಸಾಲು ಸೇರಿಸಿದೆ:
ಸುಳಿಯಲು ಬಾರದ ಪರದೆಯಾದರೆ
ಬೆಲೆ ಮೊದಲೇ ಕಾಣಲಿ.
ಬೆಳಿಗ್ಗೆ ಕಂಡಿತು. ಮುನ್ನೂರ ನಲವತ್ತು ದೀನಾರ್.
ದಾಮೋದರಣ್ಣ ಓದಿ, ಜೋರಾಗಿ ನಕ್ಕು,
ಹಾಜಿಯ ಕಾರು ತರಲು ಬಿಸಿಲಿಗಿಳಿದ.

ಅವನ ಹಿಂದೆಯೇ ನಾನೂ ಚಹಾಕ್ಕೆ ಎದ್ದೆ.
ಅರ್ಧ ಗಂಟೆ ಬಿಟ್ಟು ಬಂದರೆ
ಬಾಣ ನಾನು ಬಿಟ್ಟಲ್ಲೇ, ಹದಿನೇಳರ ಮೇಲೆ.
ಮುತ್ತು ಉಬ್ಬಿಕೊಂಡೇ ಕೂತಿತ್ತು,
ಹೋಯಿತು ಎಂದು ಹೇಳುವವರಿಲ್ಲದೆ.